ಮೊದಲ ಪಂದ್ಯದಲ್ಲೇ ಸೋತ ಟೀಮಿನ ಕೋಚ್ ಕೆಟ್ಟವರಾ?

ಜೂನ್‌ನಲ್ಲಿ ಶಾಲೆ ಶುರುವಾಗುತ್ತೆ. ಆಗಸ್ಟ್ ಹೊತ್ತಿಗೆ ಹೋಬಳಿ, ವಲಯ, ತಾಲ್ಲೂಕು ಅಂತ ಕ್ರೀಡಾಕೂಟಗಳು ಒಂದರ ಹಿಂದೆ ಒಂದು ಬರ್ತವೆ. ಗೆದ್ದವರು ಜಿಲ್ಲೆಗೆ, ಅಲ್ಲಿಂದ ವಿಭಾಗಕ್ಕೆ, ಆಮೇಲೆ ರಾಜ್ಯಕ್ಕೆ. ಸೋತವರು ಟೆಂಪೋ ಹತ್ತಿ ಊರಿಗೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಲ್ಲಿ ಯಾವ ಹೈಸ್ಕೂಲಲ್ಲಿ ಓದಿದವರನ್ನು ಕೇಳಿದರೂ ಇದೇ ಕತೆ ಹೇಳ್ತಾರೆ. ಖೋ-ಖೋ, ಕಬಡ್ಡಿ, ವಾಲಿಬಾಲ್ ಇದ್ದೇ ಇರ್ತವೆ. ಫುಟ್‌ಬಾಲ್ ಟೀಮ್ ಇರುವ ಶಾಲೆ ಕಡಿಮೆ. ಇದ್ದರೂ ಅದು ಯಾರೋ ಒಬ್ಬ ಪಿ.ಟಿ. ಮೇಷ್ಟ್ರ ಹುಚ್ಚಿನಿಂದ ಹುಟ್ಟಿದ್ದು. ಅವರು ವರ್ಗ ಆಗಿ ಬಂದಾಗ ಟೀಮ್ ಹುಟ್ಟುತ್ತೆ, ಅವರು ವರ್ಗ ಆಗಿ ಹೋದಾಗ ಚೆಂಡು ಸ್ಟೋರ್ ರೂಮಿಗೆ ಹೋಗುತ್ತೆ.

ಈ ಲೇಖನ ಬರೆಯೋಕೆ ಕಾರಣ ಒಂದೇ ಒಂದು ಮಾತು. ಹೊಸ ಮೇಷ್ಟ್ರು ಬಂದು ಎರಡೂವರೆ ತಿಂಗಳು ಬೆಳಿಗ್ಗೆ ಬೆಳಿಗ್ಗೆ ಹುಡುಗರನ್ನು ಓಡಿಸ್ತಾರೆ. ತಾಲ್ಲೂಕು ಮಟ್ಟದ ಮೊದಲ ಪಂದ್ಯದಲ್ಲೇ ಟೀಮ್ 1-0ಗೆ ಸೋಲುತ್ತೆ. ಮಾರನೇ ದಿನ ಸ್ಟಾಫ್ ರೂಮಲ್ಲಿ, ಊರ ಕಟ್ಟೆ ಮೇಲೆ ಅದೇ ಮಾತು: ‘ಫುಟ್‌ಬಾಲ್ ನಮ್ ಹುಡುಗ್ರಿಗೆ ಬರಂಗಿಲ್ಲ ಬಿಡ್ರಿ, ಖೋ-ಖೋನ ಆಡ್ಸ್ರಿ.’ ಅಲ್ಲಿಗೆ ಮುಗೀತು. ಮುಂದಿನ ವರ್ಷ ಟೀಮ್ ಇಲ್ಲ. ಪ್ರಶ್ನೆ ಏನಪ್ಪಾ ಅಂದ್ರೆ, ಒಂದು ಪಂದ್ಯ ನೋಡಿ ಇಷ್ಟು ದೊಡ್ಡ ತೀರ್ಮಾನ ಮಾಡೋಕೆ ಆಗುತ್ತಾ? ನಾವೆಲ್ಲ ಗಣಿತದ ಪೇಪರ್‌ನಲ್ಲಿ ಪಾಯ್ಸಾನ್ ಡಿಸ್ಟ್ರಿಬ್ಯೂಷನ್ ಬರೆದು ಪಾಸಾದವರು, ಅಥವಾ ಪಾಸಾಗಲು ಪ್ರಯತ್ನಿಸುತ್ತಿರುವವರು. ಅದನ್ನು ಇಲ್ಲಿ ಒಮ್ಮೆ ಬಳಸೋಣ.

ಮೊದಲು ನಮಗೆ ಅಂಕಿ-ಅಂಶ ಸರಿಯಾಗಿ ಗೊತ್ತಿರುವ ಒಂದು ಸೀಸನ್ ನೋಡೋಣ. ಬೆಂಗಳೂರು ಎಫ್‌ಸಿ. 2013ರಲ್ಲಿ ಜೆಎಸ್‌ಡಬ್ಲ್ಯೂ ಕಟ್ಟಿದ ಕ್ಲಬ್. ಜೆಎಸ್‌ಡಬ್ಲ್ಯೂ ಅಂದ್ರೆ ನಮಗೇನು ದೂರದ ಹೆಸರಲ್ಲ, ಪಕ್ಕದ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯದೇ. ಆ ಕ್ಲಬ್ಬಿಗೆ ಮೊದಲ ಕೋಚ್ ಆಗಿ ಬಂದವರು ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಟೀಮ್ ಹೊಸದು, ಕೋಚ್ ಹೊಸಬರು. ನಾಯಕ ಸುನಿಲ್ ಛೇತ್ರಿ. ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮೊದಲ ಪಂದ್ಯ ಮೋಹನ್ ಬಾಗಾನ್ ವಿರುದ್ಧ, 1-1 ಸಮ. ಏಳು ತಿಂಗಳ ನಂತರ, 2014ರ ಏಪ್ರಿಲ್‌ನಲ್ಲಿ ಗೋವಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಐ-ಲೀಗ್ ಗೆದ್ದೇ ಬಿಟ್ಟರು. ಮೊದಲ ಸೀಸನ್‌ನಲ್ಲೇ ದೇಶಕ್ಕೆ ಚಾಂಪಿಯನ್.

ಈಗ ಆ ಸೀಸನ್‌ನ ಒಳಗೆ ನೋಡಿ. 24 ಪಂದ್ಯ. 14 ಗೆಲುವು, 5 ಸಮ, 5 ಸೋಲು. ಒಟ್ಟು 47 ಅಂಕ, ಎರಡನೇ ಸ್ಥಾನದ ಈಸ್ಟ್ ಬೆಂಗಾಲ್‌ಗೆ 43. ಅಂದ್ರೆ ದೇಶದ ಅತ್ಯುತ್ತಮ ಟೀಮು 24ರಲ್ಲಿ 10 ಪಂದ್ಯ ಗೆಲ್ಲಲಿಲ್ಲ! ಲೀಗ್ ಆಗಿದ್ದರಿಂದ ಸೋತ ಮೇಲೂ ಮುಂದಿನ ವಾರ ಇನ್ನೊಂದು ಪಂದ್ಯ ಇತ್ತು. ಇದೇ ಟೀಮನ್ನು ನಮ್ಮ ತಾಲ್ಲೂಕು ಕ್ರೀಡಾಕೂಟದ ತರಹ ನಾಕೌಟ್‌ಗೆ ಹಾಕಿ ನೋಡೋಣ. ಸಮ ಆದ ಪಂದ್ಯ ಪೆನಾಲ್ಟಿಗೆ ಹೋಗುತ್ತೆ, ಅಲ್ಲಿ ಅರ್ಧ ಗೆಲ್ತಾರೆ, ಅರ್ಧ ಸೋಲ್ತಾರೆ ಅಂತ ಇಟ್ಕೊಳ್ಳಿ. ಆಗ ಒಂದು ಪಂದ್ಯ ದಾಟುವ ಸಂಭವ (14 + 2.5) / 24, ಸುಮಾರು 0.69. ಕಪ್ ಎತ್ತಬೇಕಾದರೆ ಸಾಲಾಗಿ ನಾಲ್ಕು ಪಂದ್ಯ ದಾಟಬೇಕು. 0.69ನ್ನು ನಾಲ್ಕು ಸಲ ಗುಣಿಸಿದರೆ ಸಿಗೋದು ಸುಮಾರು 0.22. ದೇಶದ ಚಾಂಪಿಯನ್ ಟೀಮು ತನ್ನದೇ ಮಟ್ಟದಲ್ಲಿ ಆಡಿದರೂ, ನಾಲ್ಕು ಸುತ್ತಿನ ನಾಕೌಟನ್ನು ಐದು ಸಲದಲ್ಲಿ ಒಂದು ಸಲ, ಹೆಚ್ಚು ಅಂದ್ರೆ ಅದಕ್ಕಿಂತ ಸ್ವಲ್ಪ ಮೇಲೆ ಗೆಲ್ಲುತ್ತೆ. ಉಳಿದ ನಾಲ್ಕು ಸಲ ವೆಸ್ಟ್‌ವುಡ್ ಬಗ್ಗೆ ನಮ್ಮ ಕಟ್ಟೆ ಮೇಲಿನವರು ಏನಂತಿದ್ದರು ಅಂತ ಊಹಿಸಿಕೊಳ್ಳಿ.

ಫುಟ್‌ಬಾಲ್ ಯಾಕೆ ಹೀಗೆ? ಉತ್ತರ ಸರಳ: ಗೋಲು ಕಡಿಮೆ. ಕಬಡ್ಡಿಯಲ್ಲಿ ಒಂದು ಪಂದ್ಯಕ್ಕೆ ಎರಡೂ ಕಡೆ ಸೇರಿ ಹತ್ತಾರು ಪಾಯಿಂಟ್ ಬರ್ತವೆ. ಒಂದು ರೇಡ್ ಅದೃಷ್ಟದಿಂದ ಹೋದರೂ ಮುಂದಿನ ಹತ್ತು ರೇಡ್‌ನಲ್ಲಿ ಬಲ ಇದ್ದವರೇ ಮೇಲೆ ಬರ್ತಾರೆ. ಫುಟ್‌ಬಾಲ್‌ನಲ್ಲಿ ಹಾಗಲ್ಲ. ಕೂಡ್ಲಿಗಿ ಕಡೆಯ ಒಂದು ಹೈಸ್ಕೂಲ್ ಟೀಮ್ ಸರಾಸರಿ ಪಂದ್ಯಕ್ಕೆ 1.5 ಗೋಲು ಹೊಡೆಯುತ್ತೆ, ಎದುರಾಳಿ ಸರಾಸರಿ 1 ಗೋಲು ಹೊಡೆಯುತ್ತೆ ಅಂತ ಕಲ್ಪಿಸಿಕೊಳ್ಳಿ. ಇದು ದೊಡ್ಡ ಮೇಲುಗೈ, ಎದುರಾಳಿಗಿಂತ ಶೇ. 50 ಹೆಚ್ಚು ಗೋಲು. ಎರಡೂ ಸಂಖ್ಯೆಗಳನ್ನು ಪಾಯ್ಸಾನ್‌ಗೆ ಹಾಕಿ ಲೆಕ್ಕ ಮಾಡಿದರೆ: ಗೆಲ್ಲುವ ಸಂಭವ ಸುಮಾರು ಶೇ. 49, ಸಮ ಶೇ. 26, ಸೋಲು ಶೇ. 25. ಒಂದೂವರೆ ಪಟ್ಟು ಚೆನ್ನಾಗಿರುವ ಟೀಮ್ ನಾಲ್ಕಕ್ಕೆ ಒಂದು ಪಂದ್ಯ ನೇರವಾಗಿ ಸೋಲುತ್ತೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಹಾಸ್ಟೆಲ್‌ನಲ್ಲಿ ಪೈಥಾನ್ ಬರೋ ಯಾರಾದರೂ ಇದ್ದರೆ ಹತ್ತು ಸಾಲಿನ ಕೋಡ್ ಬರೆಸಿ ನೋಡಿ, ಉತ್ತರ ಇದೇ ಬರುತ್ತೆ.

ಸಮ ಆದದ್ದರಲ್ಲಿ ಅರ್ಧ ಪೆನಾಲ್ಟಿಯಲ್ಲಿ ಸಿಕ್ಕಿತು ಅಂದ್ರೆ ಪಂದ್ಯ ದಾಟುವ ಸಂಭವ 0.62 ಸುಮಾರು. (ದಶಮಾಂಶದ ಮೂರನೇ ಸ್ಥಾನದ ತನಕ ಹೋದರೆ 0.618. ಗೋಲ್ಡನ್ ರೇಶಿಯೋ ಅಂತ ಖುಷಿಪಟ್ಟು ಸ್ಟೇಟಸ್ ಹಾಕಬೇಡಿ, ಕಾಕತಾಳೀಯ ಅಷ್ಟೇ.) ನಾಲ್ಕು ಸುತ್ತಿಗೆ ಇದು ಶೇ. 15 ಆಗುತ್ತೆ. ಇನ್ನು ಎಲ್ಲರಷ್ಟೇ ಬಲದ, ನಾಣ್ಯ ಚಿಮ್ಮಿದ ಹಾಗೆ 50-50 ಇರುವ ಟೀಮಿಗೆ ಶೇ. 6. ಹೊಸ ಮೇಷ್ಟ್ರು ಬಂದು ಒಂದು ಮಾಮೂಲಿ ಟೀಮನ್ನು ನಿಜವಾಗಿಯೂ ಒಳ್ಳೆ ಟೀಮ್ ಮಾಡಿದರು ಅಂತಲೇ ಇಟ್ಕೊಂಡರೂ, ಕಪ್ ಗೆಲ್ಲುವ ಸಂಭವ 6ರಿಂದ 15ಕ್ಕೆ ಏರಿತು. ಉಳಿದ ಶೇ. 85 ಸಂದರ್ಭಗಳಲ್ಲಿ ಊರಿಗೆ ಕಾಣೋದು ‘ಸೋತು ಬಂದ್ರು’ ಅನ್ನೋದಷ್ಟೇ. ಇಲೆಕ್ಟ್ರಾನಿಕ್ಸ್‌ನವರಿಗೆ ಇನ್ನೂ ಸುಲಭವಾಗಿ ಹೇಳ್ತೀನಿ: ವರ್ಷಕ್ಕೆ ಒಂದೇ ಒಂದು ಸ್ಯಾಂಪಲ್ ತಗೊಂಡು, ಅದರಲ್ಲಿ ಸಿಗ್ನಲ್‌ಗಿಂತ ನಾಯ್ಸ್ ಜಾಸ್ತಿ ಇದ್ದು, ಅದರ ಮೇಲೆ ಸಿಸ್ಟಮ್ ಕೆಟ್ಟಿದೆ ಅಂತ ತೀರ್ಪು ಕೊಟ್ಟ ಹಾಗೆ.

ಇದಕ್ಕೆ ರಾಜ್ಯದ್ದೇ ಒಂದು ಉದಾಹರಣೆ ಇದೆ. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯದ ಹೆಸರಿನಲ್ಲಿ ನಮ್ಮವರು ನಾಲ್ಕು ಸಲ ಗೆದ್ದಿದ್ದರು, ಕೊನೆಯದು 1968-69ರಲ್ಲಿ. ಮುಂದಿನ ಗೆಲುವು 2023ರ ಮಾರ್ಚ್ 4ರಂದು, ಅದೂ ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಮೇಘಾಲಯದ ವಿರುದ್ಧ 3-2. ಕೋಚ್ ರವಿ ಬಾಬು ರಾಜು. 54 ವರ್ಷದ ಬರ. ಅಷ್ಟು ವರ್ಷ ಬಂದ ಕೋಚ್‌ಗಳೆಲ್ಲ ದಡ್ಡರು, ಇವರೊಬ್ಬರೇ ಜಾಣರು ಅಂತ ಹೇಳಿದರೆ ಯಾರಾದರೂ ಒಪ್ತಾರಾ? ವರ್ಷಕ್ಕೆ ಶೇ. 5 ಗೆಲ್ಲುವ ಸಂಭವ ಇರುವ ಟೀಮು 50 ವರ್ಷ ಸತತವಾಗಿ ಗೆಲ್ಲದೇ ಇರುವ ಸಂಭವ 0.95ರ 50ನೇ ಘಾತ, ಸುಮಾರು ಶೇ. 8. ಅಪರೂಪ ಹೌದು, ಪವಾಡ ಅಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತೆ. ‘ಸರಿನಪಾ, ಆದ್ರೆ ಕೋಚ್ ಬದಲಾದ ತಕ್ಷಣ ಟೀಮ್ ಗೆಲ್ಲೋಕೆ ಶುರು ಮಾಡಿದ್ದನ್ನು ಟಿ.ವಿ.ಯಲ್ಲಿ ಎಷ್ಟೋ ಸಲ ನೋಡಿದೀವಿ.’ ನೋಡಿರ್ತೀರಿ. ದೊಡ್ಡ ಕ್ಲಬ್‌ಗಳಲ್ಲಿ ಕೋಚನ್ನು ತೆಗೆಯೋದು ಯಾವಾಗ? ಐದಾರು ಪಂದ್ಯ ಸಾಲಾಗಿ ಸೋತಾಗ. ಆ ಐದಾರು ಸೋಲಿನಲ್ಲಿ ಒಂದಷ್ಟು ಪಾಲು ಬರೀ ದುರದೃಷ್ಟ. ದುರದೃಷ್ಟ ಸತತವಾಗಿ ಹಾಗೇ ಇರಲ್ಲ. ದಾಳ ಉರುಳಿಸಿ 1 ಬಿದ್ದರೆ ಮುಂದಿನ ಸಲ ಅದಕ್ಕಿಂತ ಹೆಚ್ಚು ಬೀಳುವ ಸಂಭವವೇ ಜಾಸ್ತಿ, ದಾಳ ಉರುಳಿಸೋರನ್ನು ಬದಲಾಯಿಸಿದರೂ ಅಷ್ಟೇ, ಬದಲಾಯಿಸದಿದ್ದರೂ ಅಷ್ಟೇ. ಪಾತಾಳ ಮುಟ್ಟಿದಾಗ ಬಂದ ಹೊಸ ಕೋಚ್‌ಗೆ ಈ ಏರಿಕೆಯ ಕ್ರೆಡಿಟ್ ಪುಕ್ಕಟೆ ಸಿಗುತ್ತೆ.

ಉಲ್ಟಾ ಕೂಡ ನಿಜ. ವೆಸ್ಟ್‌ವುಡ್ ಮೂರು ಸೀಸನ್ ಇದ್ದರು. ಮೊದಲನೆಯದು ಚಾಂಪಿಯನ್, ಎರಡನೆಯದು ಎರಡನೇ ಸ್ಥಾನ, ಮೂರನೆಯದು ಮತ್ತೆ ಚಾಂಪಿಯನ್. ಆ ಎರಡನೇ ಸ್ಥಾನ ಹೇಗೆ ಬಂತು ಗೊತ್ತಾ? 2015ರ ಮೇ 31, ಕಂಠೀರವದಲ್ಲಿ ಲೀಗಿನ ಕೊನೆಯ ಪಂದ್ಯ, ಎದುರಿಗೆ ಮೋಹನ್ ಬಾಗಾನ್. ಬೆಂಗಳೂರು ಗೆದ್ದರೆ ಬೆಂಗಳೂರು ಚಾಂಪಿಯನ್, ಸಮ ಆದರೆ ಅವರು. 1-0 ಮುಂದಿದ್ದ ಬೆಂಗಳೂರಿಗೆ ಪಂದ್ಯ ಮುಗಿಯಲು ಕೆಲವೇ ನಿಮಿಷ ಇರುವಾಗ ಕಾರ್ನರ್‌ನಿಂದ ಬಂದ ಚೆಂಡಿಗೆ ಬೆಲ್ಲೊ ರಜಾಕ್ ತಲೆ ಕೊಟ್ಟ. 1-1. ಇಡೀ ಸೀಸನ್ ಆ ಒಂದು ಹೆಡರ್‌ಗೆ ಹೋಯ್ತು. ಆ ಚೆಂಡು ಅರ್ಧ ಅಡಿ ಮೇಲೆ ಹೋಗಿದ್ದರೆ ಮೂರಕ್ಕೆ ಮೂರು. ಕೋಚ್ ಮಾತ್ರ ಅದೇ ಕೋಚ್.

2016ರಲ್ಲಿ ವೆಸ್ಟ್‌ವುಡ್ ಹೋಗಿ ಸ್ಪೇನ್‌ನ ಆಲ್ಬರ್ಟ್ ರೋಕಾ ಬಂದರು. ಅವರ ಮೊದಲ ಸೀಸನ್ ಇನ್ನೂ ಮಜವಾಗಿದೆ. ಎಎಫ್‌ಸಿ ಕಪ್‌ನ ಕ್ವಾರ್ಟರ್ ಫೈನಲ್‌ನಿಂದ ಟೀಮ್ ವಹಿಸಿಕೊಂಡು, ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಜೊಹೋರ್ ತಂಡವನ್ನು ಬೆಂಗಳೂರಿನಲ್ಲಿ 3-1ರಿಂದ ಸೋಲಿಸಿ ಫೈನಲ್ ತಲುಪಿಸಿದರು. ಆ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಅದು. ದೋಹಾದಲ್ಲಿ ಇರಾಕ್‌ನ ಏರ್‌ಫೋರ್ಸ್ ಕ್ಲಬ್ ವಿರುದ್ಧ 1-0ಗೆ ಸೋತರು. ಅದೇ ಸೀಸನ್‌ನ ಐ-ಲೀಗ್‌ನಲ್ಲಿ ಹಾಲಿ ಚಾಂಪಿಯನ್ನರು ನಾಲ್ಕನೇ ಸ್ಥಾನಕ್ಕೆ ಇಳಿದರು. ಕೊನೆಗೆ ಫೆಡರೇಶನ್ ಕಪ್ ಗೆದ್ದರು. ಈಗ ಹೇಳಿ, ರೋಕಾ ಅವರ ಮೊದಲ ಸೀಸನ್ ಪಾಸಾ, ಫೇಲಾ? ಯಾವ ಅಂಕಪಟ್ಟಿ ನೋಡ್ತೀರಿ ಅನ್ನೋದರ ಮೇಲಿದೆ.

ಈ ದೃಷ್ಟಿಯಲ್ಲಿ ನಮ್ಮ ಸರ್ಕಾರಿ ಹೈಸ್ಕೂಲ್‌ಗಳು ದೊಡ್ಡ ಕ್ಲಬ್‌ಗಳಿಗಿಂತ ಒಳ್ಳೆ ಪ್ರಯೋಗಾಲಯ. ಪಿ.ಟಿ. ಮೇಷ್ಟ್ರು ಬದಲಾಗೋದು ಟೀಮ್ ಸೋತಿತು ಅಂತ ಅಲ್ಲ. ಕೌನ್ಸೆಲಿಂಗ್‌ನಲ್ಲಿ ಅವರಿಗೆ ಊರ ಹತ್ತಿರದ ಜಾಗ ಸಿಕ್ಕಿತು, ಹೋದರು. ಅಂದ್ರೆ ಕೋಚ್ ಬದಲಾವಣೆಗೂ ಹಿಂದಿನ ಫಲಿತಾಂಶಕ್ಕೂ ಸಂಬಂಧ ಇಲ್ಲ, ಪುಕ್ಕಟೆ ಕ್ರೆಡಿಟ್‌ನ ಸಮಸ್ಯೆ ಅಷ್ಟಾಗಿ ಬರಲ್ಲ. ಆದರೆ ಇನ್ನೊಂದು ಸಮಸ್ಯೆ ಬರುತ್ತೆ: ಪ್ರತಿ ಮಾರ್ಚ್‌ಗೆ ಎಸ್ಸೆಸ್ಸೆಲ್ಸಿ ಹುಡುಗರು ಶಾಲೆ ಬಿಡ್ತಾರೆ. 17ರ ಒಳಗಿನ ಟೀಮಿನಲ್ಲಿ ಗಟ್ಟಿ ಇರೋರು ಸಾಮಾನ್ಯವಾಗಿ ಅವರೇ. ಹಾಗಾಗಿ ಹೊಸ ಮೇಷ್ಟ್ರಿಗೆ ಜೂನ್‌ನಲ್ಲಿ ಸಿಗೋದು ಹಳೇ ಟೀಮ್ ಅಲ್ಲ, ಬೆನ್ನೆಲುಬು ಕಳೆದುಕೊಂಡ ಟೀಮ್. ಹೋದ ವರ್ಷದ ಫಲಿತಾಂಶದ ಜೊತೆ ಈ ವರ್ಷದ್ದನ್ನು ಹೋಲಿಸಿದರೆ ಕೋಚ್ ಬದಲಾವಣೆ ಎಷ್ಟು, ಹುಡುಗರ ಬದಲಾವಣೆ ಎಷ್ಟು ಅಂತ ಬೇರ್ಪಡಿಸೋಕೆ ಬರಲ್ಲ.

ಹಾಗಾದ್ರೆ ಕೋಚ್ ಕೈಯಲ್ಲಿ ನಿಜವಾಗಿ ಇರೋದು ಏನು? ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಭಾಗಾಕಾರ. ಶಾಲೆಯಲ್ಲಿ ಒಂದೇ ಚೆಂಡು, 22 ಹುಡುಗರು, 40 ನಿಮಿಷ. ‘ಮ್ಯಾಚ್ ಆಡ್ರಲೇ’ ಅಂತ ಬಿಟ್ಟರೆ ಒಬ್ಬನ ಪಾಲಿಗೆ ಚೆಂಡು ಬರೋದು 40 ಭಾಗ 22, ಸುಮಾರು 1.8 ನಿಮಿಷ. ಅದೂ ಚೆಂಡು ಒಮ್ಮೆಯೂ ಬೇಲಿ ಹಾರದಿದ್ದರೆ. ಜೋರಾಗಿರೋ ನಾಲ್ವರು ಅದರಲ್ಲೂ ದೊಡ್ಡ ಪಾಲು ತಿಂತಾರೆ, ಎಂಟನೇ ಕ್ಲಾಸಿನ ಸಣ್ಣ ಹುಡುಗ ಇಡೀ ಹೊತ್ತು ಓಡಿ ಎರಡು ಸಲ ಒದ್ದು ಮನೆಗೆ ಹೋಗ್ತಾನೆ. ಅದೇ ಮೈದಾನವನ್ನು ಸುಣ್ಣದ ಗೆರೆ ಹಾಕಿ ಮೂರು ಮಾಡಿ, ಮೂರು ಚೆಂಡು ಕೊಟ್ಟು, ಹೆಚ್ಚೆಂದರೆ ನಾಲ್ವರ ಎದುರು ನಾಲ್ವರನ್ನು ಆಡಿಸಿದರೆ ಒಬ್ಬನಿಗೆ ಕಡಿಮೆ ಅಂದ್ರೂ 40 ಭಾಗ 8, ಅಂದ್ರೆ 5 ನಿಮಿಷ. ಜೂನ್‌ನಿಂದ ಆಗಸ್ಟ್ ಮಧ್ಯದವರೆಗೆ 50 ದಿನ ಅಭ್ಯಾಸ ಸಿಕ್ಕಿತು ಅಂದ್ರೆ ಮೊದಲ ಪದ್ಧತಿಯಲ್ಲಿ ಒಬ್ಬ ಹುಡುಗನ ಕಾಲಿಗೆ ಚೆಂಡು ಸಿಗೋದು ಇಡೀ ಸೀಸನ್‌ಗೆ ಒಂದೂವರೆ ಗಂಟೆ. ಎರಡನೆಯದರಲ್ಲಿ ನಾಲ್ಕು ಗಂಟೆಗೂ ಮೇಲೆ. ಖರ್ಚು ಇನ್ನೆರಡು ಚೆಂಡು ಮತ್ತು ಒಂದು ಪುಟ್ಟಿ ಸುಣ್ಣ. ಜಗತ್ತಿನ ದೊಡ್ಡ ಅಕಾಡೆಮಿಗಳಲ್ಲಿ ಮಕ್ಕಳನ್ನು ಸಣ್ಣ ಗುಂಪು ಮಾಡಿ ಆಡಿಸೋದರ ಹಿಂದಿರುವ ಲೆಕ್ಕವೂ ಇದೇ.

ತೋರಣಗಲ್ಲಿನ ವಿಜಯನಗರ ಟೌನ್‌ಶಿಪ್ಪಿನಲ್ಲಿರುವ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ನಡೆದದ್ದು ನಿಮಗೆ ಗೊತ್ತಿರಬಹುದು. ಅಲ್ಲಿ ಹುಲ್ಲಿನ ಮೈದಾನ, ಹಾಸ್ಟೆಲ್, ಫಿಸಿಯೋ ಎಲ್ಲ ಇದೆ. ಅಲ್ಲಿಂದ ಬಸ್ಸಿನಲ್ಲಿ ಒಂದಷ್ಟು ದೂರ ಬಂದರೆ ನಮ್ಮ ಮೇಷ್ಟ್ರ ಲೋಕ. ಕೂಡ್ಲಿಗಿ ಕಡೆ ಕೆಂಪು ಮಸಾರಿ, ಗರಸಿನಂಥ ನೆಲ, ಬಿದ್ದರೆ ಮೊಣಕಾಲು ಕಿತ್ತು ಬರುತ್ತೆ, ಸ್ಲೈಡಿಂಗ್ ಟ್ಯಾಕಲ್ ಕಲಿಸೋ ಮಾತೇ ಇಲ್ಲ. ಹಡಗಲಿ ಹೊಳೆಸಾಲಿನ ಎರೆ ನೆಲದಲ್ಲಿ ಮಳೆ ಬಂದರೆ ಚೆಂಡಿಗಿಂತ ಕಾಲಿಗೆ ಅಂಟಿದ ಮಣ್ಣು ಭಾರ. ಸಂಜೆ ಅಭ್ಯಾಸ ಇಟ್ಟರೆ ಹಳ್ಳಿಯಿಂದ ಬರೋ ಹುಡುಗರಿಗೆ ಬಸ್ ತಪ್ಪುತ್ತೆ, ಹಾಗಾಗಿ ಪ್ರಾರ್ಥನೆಗೆ ಮುಂಚೆಯೇ ಆಗಬೇಕು. ಶೇಂಗಾ ಕೀಳುವಾಗ, ಮೆಕ್ಕೆಜೋಳ ಮುರಿಯುವಾಗ ಅರ್ಧ ಟೀಮ್ ಹೊಲದಲ್ಲಿರುತ್ತೆ. ಮೇಷ್ಟ್ರಿಗೂ ಫುಟ್‌ಬಾಲ್ ಒಂದೇ ಕೆಲಸವಲ್ಲ, ಆಗಸ್ಟ್ 15ರ ಪಥಸಂಚಲನ, ಖೋ-ಖೋ, ಬಾಲಕಿಯರ ಥ್ರೋಬಾಲ್, ಬಿಸಿಯೂಟದ ಸಾಲು, ಚುನಾವಣೆ ಡ್ಯೂಟಿ. ಇಷ್ಟರ ನಡುವೆ 50 ದಿನ ಅಭ್ಯಾಸ ಹೊಂದಿಸಿದರೆ ಅದೇ ದೊಡ್ಡ ಸಾಧನೆ, ಅದು ಯಾವ ಸ್ಕೋರ್‌ಬೋರ್ಡಿನಲ್ಲೂ ಕಾಣಲ್ಲ.

ಕಾಣುವ ಹಾಗೆ ಮಾಡೋಕೆ ಒಂದು ದಾರಿ ಇದೆ. ಗೋಲು ಎಣಿಸೋದನ್ನು ಬಿಟ್ಟು, ಗೋಲಿಗಿಂತ ಹೆಚ್ಚು ಸಲ ನಡೆಯುವ ಏನನ್ನಾದರೂ ಎಣಿಸಿ. ಉದಾಹರಣೆಗೆ ಗೋಲಿನ ಕಡೆ ಹೊಡೆದ ಶಾಟ್‌ಗಳು. ಪಾಯ್ಸಾನ್‌ನಲ್ಲಿ ಸರಾಸರಿ N ಇದ್ದರೆ ಏರುಪೇರು N ನ ವರ್ಗಮೂಲದಷ್ಟು. ಸರಾಸರಿ 1.5 ಗೋಲಿಗೆ ಏರುಪೇರು 1.22, ಅಂದ್ರೆ ಅಳತೆಯ ಶೇ. 82ರಷ್ಟು ನಾಯ್ಸ್. ಅದೇ ಟೀಮ್ ಪಂದ್ಯಕ್ಕೆ 12 ಶಾಟ್ ಹೊಡೆದರೆ ಏರುಪೇರು 3.46, ಶೇ. 29. ಎಂಟು ಪಂದ್ಯದ ಗೋಲು ಕೂಡಿಸಿದರೂ ಸಿಗೋದು ಅದೇ 12. ಅಂದ್ರೆ ಒಂದು ಪಂದ್ಯದ ಶಾಟ್‌ಗಳನ್ನು ಎಣಿಸಿದರೆ ಎಂಟು ಪಂದ್ಯದ ಗೋಲು ಎಣಿಸಿದಷ್ಟು ನಿಖರತೆ. ಎಲ್ಲ ಶಾಟೂ ಒಂದೇ ತೂಕದ್ದಲ್ಲ, ಅರ್ಧ ಮೈದಾನದಿಂದ ಒದ್ದದ್ದೂ ಪೆನಾಲ್ಟಿ ಬಾಕ್ಸ್‌ನಿಂದ ಒದ್ದದ್ದೂ ಒಂದೇ ಅಲ್ಲ. ಬಾಕ್ಸ್ ಒಳಗಿನವನ್ನು ಬೇರೆ ಗೀಟು ಹಾಕಿ ಎಣಿಸಿದರೆ ಆ ತೊಂದರೆ ಬಹುಪಾಲು ಕಳೆಯುತ್ತೆ. ಟಿ.ವಿ.ಯಲ್ಲಿ ಎಕ್ಸ್‌ಜಿ ಅಂತ ತೋರಿಸ್ತಾರಲ್ಲ, ಅದು ಇದೇ ಉಪಾಯದ ದೊಡ್ಡಣ್ಣ.

ಈ ಎಣಿಕೆಗೆ ಬೇಕಾಗಿರೋದು ಒಂದು ನೋಟ್‌ಬುಕ್, ಒಂದು ಪೆನ್ನು, ಗೆರೆಯಾಚೆ ಕೂತ ಒಬ್ಬ ವಿದ್ಯಾರ್ಥಿ. ಗಾಯ ಆಗಿ ಕೂತವನಿಗೋ, ಟೀಮಿಗೆ ಆಯ್ಕೆ ಆಗದ ಹುಡುಗಿಗೋ ಈ ಕೆಲಸ ಕೊಡಬಹುದು. ಜುಲೈನಲ್ಲಿ ಪಕ್ಕದ ಊರಿನ ಶಾಲೆ ಜೊತೆ ಎರಡು ಸ್ನೇಹ ಪಂದ್ಯ ಆಡಿ ಬರೆದಿಟ್ಟು, ತಾಲ್ಲೂಕು ಪಂದ್ಯದಲ್ಲಿ ಮತ್ತೆ ಬರೆದರೆ ಆಯ್ತು. ನಾವು ಹೊಡೆದದ್ದು 5 ಇದ್ದದ್ದು 11ಕ್ಕೆ ಬಂದಿದೆ, ಅವರು ಹೊಡೆದದ್ದು 13 ಇದ್ದದ್ದು 7ಕ್ಕೆ ಇಳಿದಿದೆ, ಪಂದ್ಯ ಮಾತ್ರ 1-0ಗೆ ಸೋತಿದೆ ಅಂತಾದರೆ ಹೆಡ್‌ಮಾಸ್ಟರ್ ಮುಂದೆ ಇಡೋಕೆ ಮೇಷ್ಟ್ರ ಕೈಯಲ್ಲಿ ಏನೋ ಒಂದು ಇರುತ್ತೆ. ಎದುರಾಳಿ ಬೇರೆ ಅಂತ ಅವರು ಕೇಳಬಹುದು, ಕೇಳಲಿ, ಸರಿಯಾದ ಪ್ರಶ್ನೆಯೇ. ಅದಕ್ಕೇ ಅದೇ ಪಕ್ಕದ ಊರಿನ ಶಾಲೆ ಜೊತೆ ಸೀಸನ್ ಮುಗಿದ ಮೇಲೆ ಇನ್ನೊಂದು ಪಂದ್ಯ ಆಡಿ ಹೋಲಿಸಬೇಕು.

ಜೂನ್, ಜುಲೈ ನಮಗೆ ಕೆಲವು ವರ್ಷ ಸೆಮಿಸ್ಟರ್ ರಜೆ ಬರುತ್ತೆ, ಕೆಲವು ವರ್ಷ ಎಕ್ಸಾಂ ಬರುತ್ತೆ. ರಜೆ ಬಂದ ವರ್ಷ ಊರಿನ ಶಾಲೆಗೆ ಒಂದು ಬೆಳಿಗ್ಗೆ ಹೋಗಿ, ಮೇಷ್ಟ್ರ ಹತ್ತಿರ ‘ಸರ್, ಎಣಿಸೋಕೆ ನಾನು ಕೂತ್ಕೊಳ್ಲಾ’ ಅಂತ ಕೇಳಿ. ಕಾಲಂ ಹೀಗೆ ಹಾಕಿ: ದಿನಾಂಕ, ಎದುರಾಳಿ, ಎಷ್ಟು ಜನ ಅಭ್ಯಾಸಕ್ಕೆ ಬಂದಿದ್ದರು, ನಮ್ಮ ಶಾಟ್, ಅವರ ಶಾಟ್, ಬಾಕ್ಸ್ ಒಳಗಿನದು, ಗೋಲು. ನೋಟ್‌ಬುಕ್ ಯಾರ ಮನೆಗೂ ಹೋಗೋದು ಬೇಡ, ಶಾಲೆಯ ಆಟದ ಸಾಮಾನಿನ ಕಪಾಟಿನಲ್ಲೇ ಇರಲಿ. ಮುಂದಿನ ಮೇಷ್ಟ್ರು ವರ್ಗ ಆಗಿ ಬಂದು ಬೀಗ ತೆಗೆದಾಗ ಚೆಂಡಿನ ಜೊತೆ ಅದೂ ಸಿಗಬೇಕು.